ನೀಲಗುಂದದಲ್ಲಿ ಇಳಿದ ಉಸಿರು

ಕೊಟ್ಟೂರಿನಲ್ಲಿ ಆಗ ಗಟ್ಟಿಮುಟ್ಟಾಗಿದ್ದವರು ಯಾರೂ ಬ್ರೆಡ್ಡು ತಿನ್ನುತ್ತಿರಲಿಲ್ಲ. ಅದು ಜಡ್ಡಿನವರ ಊಟ. ಬೇಕರಿಯ ಮುಂದೆ ನಿಂತು ಒಂದು ಪೌಂಡು ಬ್ರೆಡ್ಡು ಕೇಳಿದರೆ, ಕಟ್ಟಿಕೊಡುವವನು ಯಾರಿಗೆ, ಏನಾಗಿದೆ ಎಂದು ವಿಚಾರಿಸಿಯೇ ಕಾಗದಕ್ಕೆ ಕೈ ಹಾಕುತ್ತಿದ್ದ. ನಾನೊಮ್ಮೆ ಆಸೆಪಟ್ಟು ನನಗಾಗಿಯೇ ಕೊಂಡು ತಂದೆ. ಸಂಜೆಯೊಳಗೆ ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು ನನ್ನನ್ನು ಮಾತಾಡಿಸಿಕೊಂಡು ಹೋಗಲು ಮನೆಗೆ ಬಂದರು. ಅವರೂ ಕೈಯಲ್ಲಿ ಒಂದೊಂದು ಬ್ರೆಡ್ಡು ಹಿಡಿದಿದ್ದರು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಆ ಚಳಿಗಾಲ ಏಜೆಂಟ್ ಕರಿಸಿದ್ದಪ್ಪನ ಪಡಸಾಲೆಯಲ್ಲಿ ಬ್ರೆಡ್ಡಿನ ಪೊಟ್ಟಣಗಳು ಗೂಡು ತುಂಬಿ, ದೇವರ ಮಾಡ ತುಂಬಿ, ಜೋಳದ ಚೀಲಗಳ ಮೇಲೂ ಹತ್ತಿ ಕೂತಿದ್ದವು. ಅವನ ಜಡ್ಡು ಎಷ್ಟು ದೊಡ್ಡದಿತ್ತು, ಅವನ ಬಳಗ ಎಷ್ಟು ದೊಡ್ಡದಿತ್ತು ಎನ್ನುವುದಕ್ಕೆ ಬೇರೆ ಲೆಕ್ಕ ಬೇಕಾಗಿಲ್ಲ.

ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿದ ಮರುವರ್ಷದ ಮಾತು. ನನಗೆ ಕೊಟ್ಟೂರಿನಲ್ಲಿ ಮನೆ, ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಪರಜಿಲ್ಲೆಗೆ ಹೋಗಿ, ಸಂಜೆ ಸ್ವಂತ ಜಿಲ್ಲೆಗೆ ಮರಳುವ ಪ್ರವಾಸಿ ನಾನು. ಕರಿಸಿದ್ದಪ್ಪನ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡಿತ್ತು. ಅವನು ಏಜೆಂಟನೆಂದರೆ ವಿಮೆಯ ಏಜೆಂಟನಲ್ಲ, ಖಾಸಗಿ ಬಸ್ಸುಗಳಿಗೆ ಜನ ಕೂಗಿ ತುಂಬುವ ಏಜೆಂಟ. ಸರ್ಕಲ್ಲಿನ ಬೇವಿನ ಮರದ ಕೆಳಗೆ ಮಬ್ಬುಗತ್ತಲಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲುವುದು ಅವನ ಉದ್ಯೋಗ. ಬಡಕಲು ಶರೀರ. ಗಂಟಲು ಮಾತ್ರ ಆ ಶರೀರಕ್ಕೆ ಸಂಬಂಧಪಟ್ಟದ್ದಲ್ಲ. ಯಾರೋ ದಪ್ಪನೆಯ ಮನುಷ್ಯನಿಗೆಂದು ಮಾಡಿದ್ದನ್ನು ತಪ್ಪಿ ಇವನಿಗೆ ಜೋಡಿಸಿದಂತಿತ್ತು.

ಅವನಿಗೆ ಎರಡು ವಿದ್ಯೆ ಗೊತ್ತಿತ್ತು. ಒಂದು ಉಸಿರಿನದು. ಹರಿಹರದ ಬಸ್ಸು ಬಂದು ನಿಂತಿತೆಂದರೆ ಎದೆ ತುಂಬ ಗಾಳಿ ಎಳೆದುಕೊಂಡು, "ಹರಪನಹಳ್ಳಿ, ನೀಲಗುಂದ, ತೆಲಿಗಿ, ದುಗ್ಗಾವತಿ, ಹರಿಹರ" ಎಂದು ಒಂದೇ ಉಸಿರಿನಲ್ಲಿ ಊರೂರು ದಾಟಿಸಿ, ಮತ್ತೆ ಉಸಿರು ತೆಗೆಯದೆ ಕೊಟ್ಟೂರಿಗೆ ವಾಪಸು ಬರುತ್ತಿದ್ದ. ಹಡಗಲಿಯ ಕಡೆ ಹೋಗುವ ಬಸ್ಸಿಗೆ ಬೇರೆ ಏಜೆಂಟರು "ಎಚ್.ಬಿ. ಹಳ್ಳಿ, ಎಚ್.ಬಿ. ಹಳ್ಳಿ" ಎಂದು ಕೂಗಿ ಕೈ ತೊಳೆದುಕೊಂಡರೆ, ಇವನು "ಹಗರಿಬೊಮ್ಮನಹಳ್ಳಿ" ಎಂದು ಒಂದಕ್ಷರ ಬಿಡದೆ ಎಳೆಯುತ್ತಿದ್ದ. ಹೋಟೆಲ್ಲಿನಲ್ಲಿ ಕೂತವನು 'ಹಗರಿ' ಕಿವಿಗೆ ಬಿದ್ದ ಮೇಲೆ ಚಹಾ ಮುಗಿಸಿ, ಧೋತರ ಸರಿಮಾಡಿಕೊಂಡು, 'ಹಳ್ಳಿ' ಮುಗಿಯುವುದರೊಳಗೆ ಬಸ್ಸಿನ ಮೆಟ್ಟಿಲ ಮೇಲೆ ಇರಬಹುದಾಗಿತ್ತು. ಯಾಕಿಷ್ಟು ದಣಿಯುತ್ತೀ ಎಂದು ನಾನು ಕೇಳಿದ್ದಕ್ಕೆ ಅವನು, "ಊರಿಗೆ ಹಿರೇರು ಇಟ್ಟ ಹೆಸರು ಐತ್ರಿ ಮೇಷ್ಟ್ರೇ. ಅದನ್ನ ಮುರಕೊಂಡು ತಿನ್ನಾಕ ನಾವ್ಯಾರು?" ಎಂದಿದ್ದ.

ಇನ್ನೊಂದು ವಿದ್ಯೆ ಜನರನ್ನು ಸರಿಸುವುದು. ಮೂವರ ಸೀಟಿನಲ್ಲಿ ನಾಲ್ವರು ಕೂರಬೇಕು, ಯಾರಿಗೂ ಬೇಜಾರಾಗಬಾರದು. "ಸ್ವಲ್ಪ ಸರೀರಿ, ಅವ್ರೂ ಮನಿ ಮುಟ್ಟಬೇಕಲ್ಲ" ಎನ್ನುವುದು ಅವನ ಮಂತ್ರ. ಅದರಲ್ಲಿ ಸಿಟ್ಟಿಲ್ಲ, ಬೇಡಿಕೆಯಿಲ್ಲ. ನಾವು ಸರಿಯದೆ ಇದ್ದರೆ ಆ ಎದುರಿನ ಮನುಷ್ಯ ಕೊಟ್ಟೂರಿನಲ್ಲೇ ಅನಾಥನಾಗಿ ಉಳಿಯುತ್ತಾನೇನೋ ಅನ್ನಿಸಿಬಿಡುತ್ತಿತ್ತು. ಆ ಮಾತು ಕೇಳಿ ಕೇಳಿ ನಾನು ಅರ್ಧ ಸೀಟಿನಲ್ಲೇ ಕೂತು ನೌಕರಿ ಮಾಡಿದವನು. ನನ್ನ ಎಡಗಡೆಯ ಕುಂಡೆಗೆ ಬಸ್ಸಿನ ಪರಿಚಯವೇ ಇಲ್ಲ.

ಕಾರ್ತಿಕ ಕಳೆದು ಇಬ್ಬನಿ ಬೀಳಲು ಶುರುವಾದಾಗ ಅವನಿಗೆ ನೆಗಡಿ ಹಿಡಿಯಿತು. ಬೆಳಗಿನ ಇಬ್ಬನಿ, ಹಗಲಿನ ಧೂಳು, ಹಳೆಯ ಬಸ್ಸುಗಳ ಹೊಗೆ, ಇವುಗಳ ನಡುವೆ ಅದು ಎದೆಗಿಳಿಯಿತು. ಹೆಂಡತಿ ನಾಗಲಿಂಗಮ್ಮ ಮೆಣಸಿನ ಕಷಾಯ ಕುಡಿಸಿದಳು, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬಿಸಿಮಾಡಿ ಎದೆಗೆ ಹಾಕಿದಳು. ನಾನು ಪತ್ರಿಕೆಯ ಆರೋಗ್ಯದ ಅಂಕಣ ತಪ್ಪದೆ ಓದುವವನಾದ್ದರಿಂದ, ಇದು ಪಿತ್ತವೇ ಸರಿ ಎಂದು ಗೋಡೆಯಾಚೆಯಿಂದ ಕೂಗಿ ಹೇಳಿದೆ. ಮರುದಿನ ಅವನಿಗೆ ಗಡಗಡ ನಡುಕ ಬಂತು. ಉಸಿರೆಳೆದರೆ ಬಲಪಕ್ಕೆಯಲ್ಲಿ ದಬ್ಬಣ ಚುಚ್ಚಿದ ಹಾಗೆ ನೋವು, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ. ಜ್ವರದ ಮಬ್ಬಿನಲ್ಲಿ ಅವನು ಕಣ್ಣುಮುಚ್ಚಿಕೊಂಡೇ ಕೂಡ್ಲಿಗಿ ಬಸ್ಸಿಗೆ ಜನ ಹತ್ತಿಸುತ್ತಿದ್ದ. ಹಾಸಿಗೆಯ ಅಂಚಿನಲ್ಲಿ ಕೂತಿದ್ದ ನಾಗಲಿಂಗಮ್ಮನಿಗೂ ಸ್ವಲ್ಪ ಸರಿಯಲು ಹೇಳಿದನಂತೆ. ಆಕೆ ಅಳುತ್ತಾ ನಮ್ಮ ಬಾಗಿಲು ಬಡಿದಳು.

ಊರಿನಲ್ಲಿ ಆಗಷ್ಟೇ ದವಾಖಾನೆ ತೆರೆದಿದ್ದ ಡಾಕ್ಟರ್ ಗೀತಾಂಜಲಿ ನಮ್ಮೂರ ಹುಡುಗಿಯೇ. ದಾವಣಗೆರೆಯಲ್ಲಿ ಡಾಕ್ಟರಿಕೆ ಓದುವಾಗ ಸೋಮವಾರ ಬೆಳಗಿನ ಬಸ್ಸಿನಲ್ಲಿ ಆಕೆಗೆ ಕಿಟಕಿಯ ಸೀಟು ಹಿಡಿದುಕೊಡುತ್ತಿದ್ದವನು ಇದೇ ಕರಿಸಿದ್ದಪ್ಪ. ಆಕೆ ಅವನ ಬೆನ್ನಿಗೆ ಕೊಳವೆ ಇಟ್ಟು ಎಷ್ಟೋ ಹೊತ್ತು ಕೇಳಿದಳು. ಬಲಗಡೆ ಕೆಳಗೆ ಗಾಳಿಯೇ ಆಡುತ್ತಿಲ್ಲ, ನ್ಯುಮೋನಿಯಾ ಎಂದಳು. ನನ್ನ ಪಿತ್ತದ ಸಂಗತಿಯನ್ನು ನಾನು ಅಲ್ಲಿ ಪ್ರಸ್ತಾಪಿಸಲಿಲ್ಲ.

ದವಾಖಾನೆಯ ಮಂಚದ ಮೇಲೆ ಮಲಗಿಸಿಕೊಂಡು ಸೂಜಿ ಚುಚ್ಚಿ, ಬಾಟಲಿ ಏರಿಸಿ, ಜ್ವರ ಇಳಿಯುವ ತನಕ ಆಕೆ ಅವನನ್ನು ಬಿಡಲಿಲ್ಲ. ಮನೆಗೆ ಕಳಿಸುವಾಗ ಕ್ಯಾಪ್ಸೂಲುಗಳನ್ನು ಕೊಟ್ಟು, ಜ್ವರ ಬಿಟ್ಟರೂ ಇವನ್ನು ಬಿಡಬಾರದು, ಪೂರ್ತಿ ಮುಗಿಸಬೇಕು, ಮಾತು ಕಡಿಮೆ ಮಾಡಬೇಕು ಎಂದು ಎರಡೆರಡು ಸಲ ಹೇಳಿದಳು. ಕರಿಸಿದ್ದಪ್ಪ ವಿಧೇಯನಾಗಿ ತಲೆ ಆಡಿಸಿದ. ಅವನು ಒಂದೇ ಪ್ರಶ್ನೆ ಕೇಳಿದ. ಮತ್ತೆ ಕೂಗಬಹುದು ಎಂದಿಗೆ? ಆಕೆ, ಮೊದಲು ಎದೆ ಒಣಗಲಿ, ಆಮೇಲೆ ನೋಡೋಣ ಎಂದಳು. ಕೂಗುವುದು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಆ 'ನೋಡೋಣ' ಅವನ ಮುಖದ ಮೇಲೆ ಕೂತದ್ದನ್ನು ನಾನು ದಾರಿಯುದ್ದಕ್ಕೂ ಕಂಡೆ.

ಮಾತು ಕಡಿಮೆ ಮಾಡಬೇಕಂತೆ! ನಮ್ಮಲ್ಲಿ ಜಡ್ಡಾದವರನ್ನು ಬರೀ ನೋಡಲು ಯಾರೂ ಹೋಗುವುದಿಲ್ಲ, ಮಾತಾಡಿಸಲು ಹೋಗುತ್ತಾರೆ. ಮಾತಾಡಿಸುವುದು ಎಂದರೆ ರೋಗಿಯ ಬಾಯಿಂದಲೇ ಮೊದಲ ಸೀನಿನಿಂದ ಕೊನೆಯ ಸೂಜಿಯವರೆಗೆ ಎಲ್ಲ ಕೇಳುವುದು. ಅರ್ಧಕ್ಕೆ ಇನ್ನೊಬ್ಬರು ಬಂದರೆ ಪುನಃ ಮೊದಲ ಸೀನಿನಿಂದಲೇ ಶುರು. ಕರಿಸಿದ್ದಪ್ಪನ ಪರಿಚಯಸ್ಥರೆಂದರೆ ಕೊಟ್ಟೂರಿನ ಓಣಿಯವರಷ್ಟೇ ಅಲ್ಲ. ಕಾನಹೊಸಹಳ್ಳಿಯ ವ್ಯಾಪಾರಸ್ಥರು, ಹಡಗಲಿಯ ಬೀಗರು, ತೆಲಿಗಿಯ ಕಾಯಿಪಲ್ಲೆಯ ಹೆಂಗಸರು, ಅವನು ಒಮ್ಮೆಯಾದರೂ ಸರಿಸಿ ಕೂರಿಸಿದ ಸಕಲರೂ ಸಂತೆಗೆ ಬಂದವರು ಹಾಗೇ ಒಂದು ಬ್ರೆಡ್ಡು ಹಿಡಿದು ಬಂದರು. ಮೂರು ವಾಕ್ಯಕ್ಕೆ ಅವನಿಗೆ ದಮ್ಮು ಹತ್ತುತ್ತಿತ್ತು. ಬಂದವರಿಗೆ ಇಲ್ಲ ಅನ್ನುವುದು ಅವನ ಜಾಯಮಾನದಲ್ಲಿಲ್ಲ.

ಕೊನೆಗೆ ನಾಗಲಿಂಗಮ್ಮ ಉಪಾಯ ಹುಡುಕಿ, ಸಂಜೆಯ ಹೊತ್ತು ಅವನ ಜಡ್ಡಿನ ಕಥೆ ಹೇಳಲು ನನ್ನನ್ನು ನೇಮಿಸಿದಳು. ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ದಿನ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನೊಳಗಿನ ಸಾಹಿತಿ ಎಚ್ಚರಗೊಂಡ. ವಾರದೊಳಗೆ ಕಥೆಗೆ ಒಂದು ಮೋಡ ಮುಸುಕಿದ ಸಂಜೆ, ದಾರಿಗೆ ಅಡ್ಡಬಂದ ಎಮ್ಮೆ, ಸೂಜಿ ಮುರಿದೇಹೋಯಿತೆನ್ನುವ ಒಂದು ಘಳಿಗೆ, ಇವೆಲ್ಲ ಸೇರಿಕೊಂಡವು. ತೆಲಿಗಿಯಿಂದ ಸೊಪ್ಪು ತಂದು ಮಾರುವ ಮುದುಕಿ ಪಕ್ಕೀರಮ್ಮ ಪೂರ್ತಿ ಕೇಳಿ, "ಯಪ್ಪಾ ಮೇಷ್ಟ್ರೇ, ಸಿದ್ದಪ್ಪನ ಕೆಮ್ಮಾ ಚಲೋ ಇತ್ತು ಬಿಡ್ರಿ, ಗಡಾನ ಮುಗೀತಿತ್ತು" ಎಂದಳು. ಅಂದಿಗೆ ನಾನು ಎಮ್ಮೆಯನ್ನು ಕಥೆಯಿಂದ ಹೊರಗೆ ಅಟ್ಟಿದೆ.

ನಾನು ಹೀಗೆ ಬಾಗಿಲಲ್ಲಿ ಕಥೆ ಬೆಳೆಸುತ್ತಿದ್ದಾಗ, ಒಳಗೆ ಹಾಸಿಗೆಯ ಮೇಲೆ ಬೇರೆಯೇ ಒಂದು ಸಂಗತಿ ನಡೆದಿತ್ತು. ನನಗಾಗಲಿ ಡಾಕ್ಟರಿಗಾಗಲಿ ಅದರ ಸುಳಿವಿರಲಿಲ್ಲ.

ಜ್ವರ ಬಿಟ್ಟು ಕರಿಸಿದ್ದಪ್ಪನಿಗೆ ಬಾಯಿರುಚಿ ಬಂದಿತ್ತು, ರೊಟ್ಟಿ ಒಳಗೆ ಇಳಿಯುತ್ತಿತ್ತು. ತಲೆದಿಂಬಿನ ಕೆಳಗೆ ಕ್ಯಾಪ್ಸೂಲು ಇನ್ನೂ ಉಳಿದಿದ್ದವು. ಬಂದವರಲ್ಲಿ ಚಳಿಗಾಲದ ಕೆಮ್ಮು ಇಲ್ಲದವರು ಕಡಿಮೆ. ಪಕ್ಕೀರಮ್ಮ ಕೆಮ್ಮಿದಳು, ಆಕೆಗೆ ಒಂದಿಷ್ಟು ಕೊಟ್ಟ. ಬೇವಿನ ಮರದ ಕೆಳಗೆ ಇವನ ಬದಲಿಗೆ ಕೂಗುತ್ತಿದ್ದ ಹುಲುಗೇಶ ಬಂದ. ಮೊದಲು ಬಸ್ಸಿನ ಮೇಲೆ ಮೂಟೆ ಏರಿಸುತ್ತಿದ್ದ, ಮೀಸೆ ಬಲಿತ ಗಟ್ಟಿ ಆಳು. ಕೂಗುವ ಹದ ಗೊತ್ತಿಲ್ಲದೆ ಗಂಟಲು ಹರಿದುಕೊಂಡಿದ್ದ, ಮಾತಾಡಿದರೆ ತಗಡು ಎಳೆದ ಸದ್ದು. ಅವನಿಗೂ ಕೊಟ್ಟ. ತನಗೆ ಆರಾಮಾಗಿದೆ, ಉಳಿದದ್ದು ಸುಮ್ಮನೆ ಯಾಕೆ ಕೂತಿರಬೇಕು, ಅವರೂ ಆರಾಮಾಗಲಿ. ಖಾಲಿ ಸೀಟು ಕಂಡರೆ ಜೀವ ಚಡಪಡಿಸುವ ಮನುಷ್ಯ ಇನ್ನೇನು ಮಾಡಿಯಾನು? ನಾಗಲಿಂಗಮ್ಮ ಇದನ್ನು ನೋಡಿದ್ದಳು. ಗಂಡನ ಕೈ ದೊಡ್ಡದು ಎಂದು ಆಕೆಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಎಳ್ಳಮಾವಾಸ್ಯೆಯ ಸುಮಾರಿಗೆ ಜ್ವರ ತಿರುಗಿ ಬಂತು. ಈ ಸಲ ಮೊದಲಿಗಿಂತ ಜೋರು. ಮಾತಾಡಲು ಹೋಗಲಿ, ನೀರು ಗುಟುಕರಿಸಲೂ ಉಸಿರು ಸಾಲುತ್ತಿರಲಿಲ್ಲ. ಡಾಕ್ಟರಮ್ಮ ಕೊಳವೆ ಇಟ್ಟು ಕೇಳಿ, ಮಾತ್ರೆ ಪೂರ್ತಿ ತೆಗೆದುಕೊಂಡಿರೇನು ಎಂದು ವಿಚಾರಿಸಿದಳು. ಅವನು ಏದುಸಿರಿನ ನಡುವೆಯೇ, ಯಾರಿಗೆಲ್ಲ ಕೊಟ್ಟೆ ಎಂದು ಸಂಕೋಚವಿಲ್ಲದೆ ಹೇಳಿದ. ಒಳ್ಳೆಯ ಕೆಲಸ ಮಾಡಿದವನ ಮುಖ ಅದು. ಗೀತಾಂಜಲಿಯ ಮುಖ ಮಾತ್ರ ಕೆಂಪಗಾಯಿತು.

"ಇದು ಬಸ್ಸಲ್ಲ ಸಿದ್ದಪ್ಪಣ್ಣ, ಸರಿದು ಕೂತು ಎಲ್ಲಾರೂ ಊರು ಮುಟ್ಟಾಕ. ಇಷ್ಟೂ ಮಾತ್ರಿ ನಿಮ್ಮೊಬ್ಬರ ಸೀಟು. ಅರ್ಧ ಸತ್ತ ರೋಗಾಣು ಸುಮ್ನಿರ್ತಾವೇನು? ಎದ್ದು ಕುಂತು ನಿಮ್ಮನ್ನಾ ಇಳಿಸಿಬಿಡ್ತಾವ."

ಕರಿಸಿದ್ದಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ತನ್ನ ವಿದ್ಯೆಯೇ ತನಗೆ ತಿರುಗಿಬಿದ್ದೀತೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಮತ್ತೆ ಸೂಜಿ, ಮತ್ತೆ ಬಾಟಲಿ, ಇನ್ನೂ ಬಿರುಸಾದ ಮಾತ್ರೆ. ಆ ಮಾತ್ರೆಯ ಪಟ್ಟಿಗಳು ಈ ಸಲ ನಾಗಲಿಂಗಮ್ಮನ ಸೆರಗಿನ ಗಂಟಿಗೆ ಸೇರಿದವು.

ಕೆಮ್ಮು ತಿಂಗಳು ದಾಟಿದ್ದರಿಂದ ಯಾವುದಕ್ಕೂ ಇರಲಿ ಎಂದು ಡಾಕ್ಟರಮ್ಮ ಕಫವನ್ನು ಪರೀಕ್ಷೆಗೆ ಕೂಡ್ಲಿಗಿಗೆ ಕಳಿಸಿದಳು. ಕ್ಷಯ ಅಲ್ಲವೆಂದು ಅಲ್ಲಿಂದ ಬಂತು. ಆದರೆ ಕಫ ಕೂಡ್ಲಿಗಿಗೆ ಹೋದ ಸುದ್ದಿ ಹೋದಷ್ಟು ಬೇಗ, ಏನೂ ಇಲ್ಲವೆನ್ನುವ ಸುದ್ದಿ ಹೋಗಲಿಲ್ಲ. ಅವನು ಜನ ತುಂಬಿದ ಬಸ್ಸುಗಳೇ ಮೊದಲನೆಯದನ್ನು ಊರೂರಿಗೆ ಹೊತ್ತವು. ಏಜೆಂಟ್ ಸಿದ್ದಪ್ಪನಿಗೆ ಟಿ.ಬಿ. ಅಂತೆ ಎಂದು ನನಗೆ ಹರಪನಹಳ್ಳಿಯ ನಮ್ಮ ಶಾಲೆಯ ಜವಾನನೇ ಹೇಳಿದ. ನಾನು ಅಲ್ಲವೆಂದು ವಾದಿಸಿದೆ. ಅವನು ಕೇಳಿಸಿಕೊಂಡು, ನನ್ನ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಮಾತಾಡಿಸಲು ಬರುವವರು ನಿಂತರು. ಬ್ರೆಡ್ಡು ನಿಂತಿತು. ಬಾಗಿಲ ಪಕ್ಕದ ನನ್ನ ಕುರ್ಚಿಗೆ ಕೆಲಸ ತಪ್ಪಿತು. ಜನರ ಗದ್ದಲಕ್ಕೆ ನಾವೆಲ್ಲ ಬೇಸತ್ತಿದ್ದವರೇ, ಈಗ ಅದೇ ಪಡಸಾಲೆಯಲ್ಲಿ ಬೆಕ್ಕು ನಡೆದರೂ ಕೇಳುವಷ್ಟು ಮೌನ. ಡಾಕ್ಟರು ಬಯಸಿದ್ದು ಈ ಮೌನವನ್ನೇ. ಅದರಲ್ಲಿ ಅವನ ಎದೆ ನಿಧಾನಕ್ಕೆ ಒಣಗತೊಡಗಿತು ನಿಜ. ಆದರೆ ಬಾಗಿಲ ಕಡೆ ನೋಡುತ್ತಾ ಮಲಗಿದವನು ದಿನೇ ದಿನೇ ಇನ್ನಷ್ಟು ಸಣ್ಣವನಾದಂತೆ ಕಾಣುತ್ತಿದ್ದ. ಮನುಷ್ಯನಿಗೆ ಉಸಿರು ಒಳಗಿನಿಂದ ಮಾತ್ರ ಬರುವುದಿಲ್ಲವೇನೋ ಎಂದು ಆಗ ನನಗೆ ಅನ್ನಿಸಿತು. ಪಿತ್ತದ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದರಿಂದ ಯಾರಿಗೂ ಹೇಳಲಿಲ್ಲ.

ಆ ದಿನಗಳಲ್ಲಿ ಬಂದವರು ಇಬ್ಬರೇ. ಪಕ್ಕೀರಮ್ಮ ಸೊಪ್ಪಿನ ಬುಟ್ಟಿ ಹೊರಗಿಟ್ಟು, ನೆಟ್ಟಗೆ ಹಾಸಿಗೆಯ ಪಕ್ಕದಲ್ಲೇ ಕೂತು, ಸೆರಗಿನ ಗಂಟು ಬಿಚ್ಚಿ, ಅವನು ಕೊಟ್ಟಿದ್ದ ಕ್ಯಾಪ್ಸೂಲುಗಳನ್ನು ಅಂಗೈಯಲ್ಲಿ ಹರಡಿದಳು. ಒಂದೂ ನುಂಗಿರಲಿಲ್ಲ. ಮುಂದೆ ಯಾವಾಗಲಾದರೂ ಜಡ್ಡು ಜೋರಾದರೆ ಇರಲಿ ಎಂದು ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದಳಂತೆ. ಬೆಲ್ಲದ ಚಹಾ ಕುಡಿದೇ ಅವಳ ಕೆಮ್ಮು ಹೋಗಿತ್ತು. ಇನ್ನೊಬ್ಬ ಹುಲುಗೇಶ. ಅವನದು ಬರೀ ಕೂಗಿ ಹರಿದ ಗಂಟಲೆಂದು ಡಾಕ್ಟರಮ್ಮ ಕರೆಸಿ ನೋಡಿ ಹೇಳಿದ್ದಳು. ಅಂದರೆ ಆ ಮಾತ್ರೆಗಳು ಕರಿಸಿದ್ದಪ್ಪನ ಎದೆಗೂ ದಕ್ಕಲಿಲ್ಲ, ಅವರಿಬ್ಬರಿಗೂ ಬೇಕಾಗಿರಲಿಲ್ಲ.

ಹುಲುಗೇಶ ಒಂದು ಸಂಜೆ ಬಂದವನು ಬಸ್ಸಿನ ಮಾಲೀಕರು ಸೋಮಶೇಖರ್ ಹೇಳಿಕಳಿಸಿದ ಮಾತನ್ನು ಬಾಯಿಬಿಟ್ಟ. ಬೇವಿನ ಮರಕ್ಕೆ ಮೈಕಿನ ಹಾರ್ನು ಕಟ್ಟಿಸುತ್ತಾರಂತೆ. ಊರುಗಳ ಹೆಸರನ್ನು ಕ್ಯಾಸೆಟ್ಟಿಗೆ ತುಂಬಿಸಿ, ಸಂಕ್ರಾಂತಿ ಆದ ಮೇಲೆ ಅದನ್ನೇ ಹಾಕುತ್ತಾರಂತೆ. ಮನುಷ್ಯರನ್ನು ನಂಬಿ ಕೆಟ್ಟೆವು, ಕ್ಯಾಸೆಟ್ಟಿಗೆ ನ್ಯುಮೋನಿಯಾ ಬರುವುದಿಲ್ಲ ಎಂದರಂತೆ.

ಕರಿಸಿದ್ದಪ್ಪ ಕೇಳಿದ, "ಧ್ವನಿ ಯಾರದು?"

"ನಂದಾ ಅಣ್ಣ. ಒಂದು ಸಲ ಕೂಗಿ ಕೊಟ್ರ ಮುಗೀತಂತ."

"ಮುಗದ ಮ್ಯಾಲ ನೀ ಏನು ಮಾಡ್ತೀ?"

ಆ ಪ್ರಶ್ನೆ ಹುಲುಗೇಶನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾಗಲಿಂಗಮ್ಮ ಒಳಗಿನಿಂದ ಮಂಡಕ್ಕಿ ತಂದಿಟ್ಟಳು. ಇಬ್ಬರೂ ಒಂದೇ ತಟ್ಟೆಯಿಂದ ತಿಂದರು.

ಮಾರನೆಯ ದಿನದಿಂದ ಕರಿಸಿದ್ದಪ್ಪ ಎದ್ದು ಕೂತ. ಎದೆಗೆ ಬಲ ಬರಲು ಡಾಕ್ಟರಮ್ಮ ದಿನಾ ಪುಗ್ಗಿ, ಅಂದರೆ ಬಲೂನು, ಊದಲು ಹೇಳಿದ್ದಳು. ಐವತ್ತರ ಹತ್ತಿರದ ಗಂಡಸು ಕಟ್ಟೆಯ ಮೇಲೆ ಕೂತು ಕೆಂಪು ಪುಗ್ಗಿ ಊದುವುದನ್ನು ಓಣಿ ನೋಡಿತು. ನಾಗಲಿಂಗಮ್ಮನಿಗೆ ಟಿ.ಬಿ.ಯ ಸುದ್ದಿಗಿಂತ ಇದೇ ಹೆಚ್ಚು ಅವಮಾನವೆನಿಸಿತು. ನಾನು ಜೊತೆಗಿರಲಿ ಎಂದು ಒಂದು ಪುಗ್ಗಿ ತೆಗೆದುಕೊಂಡು ಊದಲು ಹೋಗಿ, ಅದು ಲಿಂಬೆಹಣ್ಣಿನ ಗಾತ್ರ ದಾಟುವ ಮೊದಲೇ ತಲೆಸುತ್ತಿ ಕಂಬ ಹಿಡಿದುಕೊಂಡೆ. ಕರಿಸಿದ್ದಪ್ಪ ಆ ಜಡ್ಡಿನಲ್ಲಿ ಮೊದಲ ಸಲ ನಕ್ಕದ್ದು ಆಗಲೇ.

ಪುಗ್ಗಿ ಅವನಿಗೆ ಒಗ್ಗಲಿಲ್ಲ. ಅದರಲ್ಲಿ ಊರೇ ಇಲ್ಲವಲ್ಲ, ಎಲ್ಲಿಗೆ ಹೋಗುತ್ತಿದ್ದೇನೆ ಎಂದೇ ತಿಳಿಯುವುದಿಲ್ಲ ಎಂದ. ಅದನ್ನು ಬದಿಗಿಟ್ಟು, ಬಿಸಿಲಿಗೆ ಬೆನ್ನು ಕೊಟ್ಟು ಕೂತು, ತನಗೆ ಮಾತ್ರ ಕೇಳುವಂತೆ ಮೆಲ್ಲಗೆ ಹರಿಹರದ ಬಸ್ಸು ಹೊರಡಿಸತೊಡಗಿದ. ಮೊದಮೊದಲು 'ಹರಪನ' ಎನ್ನುವಷ್ಟರಲ್ಲಿ ಗಾಳಿ ಮುಗಿಯುತ್ತಿತ್ತು. ಅಲ್ಲಿ ಯಾವ ಸ್ಟಾಪೂ ಇಲ್ಲ, ಹೊಲದ ನಡುವೆ ಇಳಿದಂತೆ ಎಂದು ತಲೆ ಕೊಡವುತ್ತಿದ್ದ. ಆಮೇಲೆ ಹರಪನಹಳ್ಳಿ ಮುಟ್ಟಿದ. ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆ, "ಇವತ್ತು ಎಲ್ಲಿ ಇಳಿದಿ ಸಿದ್ದಪ್ಪ?" ಒಂದು ದಿನ ನೀಲಗುಂದ ಎಂದಾಗ ನಾಗಲಿಂಗಮ್ಮ ಶಾವಿಗೆ ಪಾಯಸ ಮಾಡಿದಳು.

ಆದರೆ ನೀಲಗುಂದ ದಾಟಲಾಗಲಿಲ್ಲ. ದಿನಾ ಅಲ್ಲಿಯವರೆಗೆ ಸಲೀಸಾಗಿ ಹೋಗುವುದು, ತೆಲಿಗಿಯ 'ತೆ' ಬರುವುದರೊಳಗೆ ಎದೆ ಖಾಲಿ. ಬೆಳಿಗ್ಗೆ ಪ್ರಯತ್ನಿಸಿದ, ಉಂಡು ಪ್ರಯತ್ನಿಸಿದ, ಉಪವಾಸವಿದ್ದೂ ಪ್ರಯತ್ನಿಸಿದ. ನೀಲಗುಂದದ ಭೀಮೇಶ್ವರ ಬಿಡವಲ್ಲ ಮೇಷ್ಟ್ರೇ, ಗುಡಿ ಮುಂದ ಬಸ್ಸು ನಿಲ್ಲಿಸಿಬಿಡ್ತಾನ ಎಂದು ನಗೆಯಾಡಿದ. ನಗೆಯ ಕೆಳಗೆ ಹೆದರಿಕೆ ಇತ್ತು. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಎಳ್ಳು ಹುರಿಯುವ ವಾಸನೆ ಓಣಿಯಲ್ಲಿ ಎದ್ದ ದಿನ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಗೀತಾಂಜಲಿ ಕೊಳವೆ ಇಟ್ಟು, ಉದ್ದಕ್ಕೆ ಉಸಿರಾಡಿಸಿ, ಎದೆ ಶುದ್ಧವಾಗಿದೆ, ರೋಗ ಹೋಯಿತು ಎಂದಳು. ಅವನು ಹಾಗಿದ್ದರೆ ತೆಲಿಗಿ ಯಾಕೆ ಬರುತ್ತಿಲ್ಲ ಎಂದ. ಆಕೆ, ಎರಡನೆಯ ಸಲದ ಜ್ವರ ಎದೆಯಲ್ಲಿ ಗಾಯದ ಗುರುತು ಬಿಟ್ಟಿದೆ, ತಿಂಗಳು ಕಳೆದಂತೆ ಇನ್ನೂ ಸುಧಾರಿಸಬಹುದು, ಮೊದಲಿನಷ್ಟೇ ಆಗುತ್ತದೆಂದು ತಾನು ಸುಳ್ಳು ಹೇಳುವುದಿಲ್ಲ ಎಂದಳು. ಬಿಸಿಲೇರಿದ ಮೇಲೆ ಮೂಗಿಗೆ ವಸ್ತ್ರ ಸುತ್ತಿಕೊಂಡು ಒಂದು ಹೊತ್ತು ಹೋಗಿ ನಿಲ್ಲಲು ಒಪ್ಪಿಗೆ ಕೊಟ್ಟಳು. ಹೊರಗೆ ಬಂದ ಮೇಲೆ ಅವನು, "ಕಿಟಕಿ ಸೀಟು ಕೊಟ್ಟಿದ್ದಕ್ಕ ನಿಜ ಹೇಳಿದ್ಲು ನೋಡ್ರಿ" ಎಂದ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ನನ್ನ ಸಮಾಧಾನದ ಮಾತುಗಳಲ್ಲಿ ಎಲ್ಲಿ ಎಮ್ಮೆ ನುಗ್ಗೀತೋ ಎಂದು ಹೆದರಿ ಮುಚ್ಚಿದೆ.

ಸಂಕ್ರಾಂತಿ ಮುಗಿದು ಮೊದಲ ಕೆಲಸದ ದಿನ ನಾನು ರಜೆ ಹಾಕಿದೆ. ಬೇವಿನ ಮರಕ್ಕೆ ತಗಡಿನ ಹಾರ್ನು ಆಗಲೇ ಕಟ್ಟಿಯಾಗಿತ್ತು. ಕೆಳಗೆ ಚಹಾದಂಗಡಿಯ ಮೇಜಿನ ಮೇಲೆ ಟೇಪ್ ರಿಕಾರ್ಡರು, ಅದರ ಪಕ್ಕದಲ್ಲಿ ಸ್ವತಃ ಸೋಮಶೇಖರ್. ಕರಿಸಿದ್ದಪ್ಪ ಮಫ್ಲರು ಸುತ್ತಿಕೊಂಡು ಬಂದು ತನ್ನ ಜಾಗದಲ್ಲಿ ನಿಂತ. ಜನ ಅವನನ್ನು ಕಂಡರು. ಕೆಲವರು ಕೈ ಎತ್ತಿದರು, ಕೆಲವರು ಇನ್ನೊಂದು ಬದಿಗೆ ಹೋಗಿ ನಿಂತರು. ಅವನು ಎರಡನ್ನೂ ನೋಡಿದ.

ಹರಿಹರದ ಬಸ್ಸು ಬಂತು. ಸೋಮಶೇಖರ್ ಗುಂಡಿಯ ಮೇಲೆ ಬೆರಳಿಟ್ಟವರು ಇವನ ಮುಖ ನೋಡಿ ತಡೆದರು. ಕರಿಸಿದ್ದಪ್ಪ ಮಫ್ಲರು ಕೆಳಗಿಳಿಸಿ ಎದೆ ತುಂಬಿಕೊಂಡ.

"ಹರಪನಹಳ್ಳಿ, ನೀಲಗುಂದ..."

ಧ್ವನಿಗೇನೂ ಆಗಿರಲಿಲ್ಲ, ಹಿಂದಿನದೇ. ಆದರೆ ಅದು ನೀಲಗುಂದದಲ್ಲಿ ನಿಂತಿತು. ಸರ್ಕಲ್ಲಿನಲ್ಲಿ ಇದ್ದವರಿಗೆಲ್ಲ ಮುಂದಿನ ಊರು ಬಾಯಿಪಾಠ. ಅದು ಬರದ ಆ ಜಾಗ ಎಲ್ಲರಿಗೂ ಕೇಳಿಸಿತು. ಬಸ್ಸಿನ ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಪಕ್ಕೀರಮ್ಮ ಹತ್ತದೆ ಹಾಗೇ ನಿಂತಳು. ಕರಿಸಿದ್ದಪ್ಪ ಮರಕ್ಕೆ ಕೈ ಊರಿದ.

ಅಷ್ಟರಲ್ಲಿ ಬಸ್ಸಿನ ಹಿಂದಿನಿಂದ ತಗಡಿನಂಥ ಇನ್ನೊಂದು ದನಿ ಎದ್ದಿತು. "ತೆಲಿಗಿ, ದುಗ್ಗಾವತಿ, ಹರಿಹರ." ಹುಲುಗೇಶ ಕೂಗುತ್ತಲೇ ಸುತ್ತು ಹಾಕಿ ಬಂದು, ಮರದ ಕೆಳಗಿನ ಕಲ್ಲುಹಾಸಿನ ಮೇಲೆ ಅವನ ಪಕ್ಕದಲ್ಲಿ ನಿಂತ.

"ಸ್ವಲ್ಪ ಸರಿಯಣ್ಣ," ಎಂದ. "ನಾನೂ ನಿಂದರ್ತೀನಿ."

ಕರಿಸಿದ್ದಪ್ಪ ಅವನನ್ನು ನೋಡಿದ. ಒಂದು ಗೇಣು ಸರಿದ.

ಕ್ಯಾಸೆಟ್ಟನ್ನು ಅವತ್ತು ಹಾಕಿದ್ದೂ ಉಂಟು. ಮಧ್ಯಾಹ್ನ ಕಾನಹೊಸಹಳ್ಳಿಯ ಬಸ್ಸು ನಿಂತಿದ್ದಾಗ ಅದು ಹುಲುಗೇಶನದೇ ದನಿಯಲ್ಲಿ ಹಡಗಲಿ ಹಡಗಲಿ ಎಂದು ಒದರಿ, ಹಡಗಲಿಗೆ ಹೊರಟಿದ್ದ ಒಂದು ಮದುವೆಯ ದಿಬ್ಬಣವನ್ನೇ ದಕ್ಷಿಣಕ್ಕೆ ಕಳಿಸುವುದರಲ್ಲಿತ್ತು. ಇಬ್ಬರೂ ಓಡಿ ಹೋಗಿ ಇಳಿಸಿಕೊಂಡರು. ಕರಿಸಿದ್ದಪ್ಪ ಅರ್ಧ ಓಡಿದ, ಉಳಿದರ್ಧ ಹುಲುಗೇಶ ಓಡಿದ. ಸೋಮಶೇಖರ್ ಟೇಪ್ ರಿಕಾರ್ಡರನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಹಾರ್ನು ಬಹಳ ದಿನ ಮರದಲ್ಲೇ ಇತ್ತು. ಅದರಲ್ಲಿ ಗುಬ್ಬಿಗಳು ಸಂಸಾರ ಹೂಡಿದವು.

ಅವರಿಬ್ಬರೂ ಆ ಕಲ್ಲುಹಾಸನ್ನು ಎಷ್ಟೋ ವರ್ಷ ಹಂಚಿಕೊಂಡು ನಿಂತರು. ನೀಲಗುಂದದವರೆಗೆ ಇವನದು, ಅಲ್ಲಿಂದಾಚೆ ಅವನದು. ನೀಲಗುಂದ ದಾಟಿ ತೆಲಿಗಿಗೆ ಕರಿಸಿದ್ದಪ್ಪನ ಉಸಿರು ಒಂದೇ ಎಳೆತಕ್ಕೆ ಮತ್ತೆ ಹೋಗಲೇ ಇಲ್ಲ. ಜನರಿಗೆ ಅದೇ ರೂಢಿಯಾಯಿತು. ಟಿ.ಬಿ.ಯ ಮಾತನ್ನು ಯಾವಾಗ ಮರೆತರೋ ಅವರಿಗೇ ನೆನಪಿಲ್ಲ. ಮನುಷ್ಯ ಪೂರ್ತಿ ಗುಣವಾಗುವುದೆಂದರೆ ಮೊದಲಿನಂತೆ ಆಗುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಈಗ ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ನಕಾಶೆ ನೋಡುವ ನೆಪ ಮಾಡುವ ನನಗೆ ಆ ವಿಷಯದಲ್ಲಿ ಅಷ್ಟು ಖಾತ್ರಿಯಿಲ್ಲ.

ಒಂದು ಊರನ್ನು ಮಾತ್ರ ಅವನು ಹುಲುಗೇಶನಿಗೆ ಬಿಟ್ಟುಕೊಡಲಿಲ್ಲ. ಆ ಮೊದಲ ದಿನವೇ ಸಂಜೆ ಹಡಗಲಿಯ ಬಸ್ಸು ಬಂದು ನಿಂತಾಗ ಹುಲುಗೇಶ ಎಚ್.ಬಿ. ಎಂದು ಬಾಯಿ ತೆರೆಯುವಷ್ಟರಲ್ಲಿ ಕರಿಸಿದ್ದಪ್ಪ ಕೈ ಅಡ್ಡ ಹಿಡಿದ. ತಾನೇ ಎದೆ ತುಂಬಿಕೊಂಡು "ಹಗರೀ" ಎಂದು ಎಳೆದ. ಅಲ್ಲಿ ಗಾಳಿ ಮುಗಿಯಿತು. ಅವಸರ ಮಾಡದೆ ನಿಂತು, ಮೂಗಿನಿಂದ ನಿಧಾನಕ್ಕೆ ಇನ್ನೊಂದು ಉಸಿರು ತೆಗೆದುಕೊಂಡ. ಆಮೇಲೆ "ಬೊಮ್ಮನಹಳ್ಳಿ" ಎಂದು ಒಂದಕ್ಷರ ಬಿಡದೆ ಪೂರೈಸಿದ.

ಬಸ್ಸಿನ ಕಿಟಕಿಯಿಂದ ಒಬ್ಬ ಹಿರಿಯರು ತಲೆ ಹೊರಗೆ ಹಾಕಿದರು. "ಯಾಕೋ ಸಿದ್ದಪ್ಪ, ನಡುವ ನಿಂದರ್ಸಿದಿ? ಯಾರಾರ ಇಳಿಯೋರು ಅದಾರೇನು?"

ಕರಿಸಿದ್ದಪ್ಪ ನಕ್ಕ. ನಗು ಕೆಮ್ಮಾಯಿತು, ನಾವೆಲ್ಲ ಕಾದೆವು, ಕೆಮ್ಮು ತಾನಾಗಿ ನಿಂತಿತು.

"ನಾನಾ ಇಳೀತೀನ್ರಿ ಯಜಮಾನ್ರ," ಎಂದ. "ಇಳಿದು ಮತ್ತ ಹತ್ತತೀನಿ."